ಮಲಪ್ರಭಾ ಕೊಳ್ಳದ ಕಾಲುದಾರಿಗಳು

ಬಾಗಲಕೋಟೆ ಜಿಲ್ಲೆಯ ಬಾದಾಮಿ, ಗುಳೇದಗುಡ್ಡ, ಹುನಗುಂದ ಮತ್ತು ಇಳಕಲ್ ಸೀಮೆಯಲ್ಲಿ ಮಲಪ್ರಭಾ ಹೊಳೆಯ ದಂಡೆಗುಂಟ, ಅದರ ಇಕ್ಕೆಲದ ಮರಳುಗಲ್ಲಿನ ಗುಡ್ಡಗಳ ಮೇಲೆ ಹಾದುಹೋಗುವ ಹಳೆಯ ನಡಿಗೆಯ ದಾರಿಗಳು. ಬಾದಾಮಿ, ಬನಶಂಕರಿ, ಶಿವಯೋಗ ಮಂದಿರ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಇವು ಈ ದಾರಿಗಳ ಮುಖ್ಯ ತಂಗುನೆಲೆಗಳು. ಡಾಂಬರು ರಸ್ತೆಯಲ್ಲಿ ಬಂದವರಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಊರುಗಳಂತೆ ಕಾಣುತ್ತವೆ. ಕಾಲುದಾರಿಯಲ್ಲಿ ಬಂದವರಿಗೆ ಹಾಗಲ್ಲ. ಬಾದಾಮಿಯಿಂದ ಮಹಾಕೂಟಕ್ಕೆ ಬಸ್ಸಿನ ದಾರಿ ಗುಡ್ಡ ಸುತ್ತಿ ಸುಮಾರು 14 ಕಿ.ಮೀ. ಆಗುತ್ತದೆ, ಗುಡ್ಡ ಹತ್ತಿ ಇಳಿದರೆ ಸುಮಾರು 5 ಕಿ.ಮೀ. ಚಾಲುಕ್ಯರ ರಾಜಧಾನಿಗೂ ಅವರ ಆರಾಧ್ಯದೈವದ ಗುಡಿಗೂ ನಡುವೆ ಇದ್ದದ್ದು ಮುಂಜಾನೆ ಹೊರಟು ಪೂಜೆ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವಷ್ಟು ದೂರ. ಇಷ್ಟು ಸಣ್ಣ ಸಂಗತಿ ತಿಳಿದರೂ ಈ ಕೊಳ್ಳದ ಚರಿತ್ರೆ ಬೇರೆ ರೀತಿಯಲ್ಲಿ ಅರ್ಥವಾಗುತ್ತದೆ.

ಹೊಳೆ ಮತ್ತು ಗುಡ್ಡ

ಮಲಪ್ರಭೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟು ದಾಟಿ, ರಾಮದುರ್ಗದ ಮೇಲೆ ಹಾದು ಬಾದಾಮಿ ಸೀಮೆಗೆ ಬರುತ್ತದೆ. ಸುಮಾರು 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಲೆನಾಡಿನ ಮಳೆನೀರನ್ನು ಹೊತ್ತು ಬಯಲುಸೀಮೆಯ ನಡುವೆ ಹರಿಯುವ ಹೊಳೆಯಿದು. ಬಾದಾಮಿಯಲ್ಲಿ ಒಂದು ಹನಿ ಮಳೆಯಿಲ್ಲದ ದಿನವೂ ಖಾನಾಪುರದ ಕಾಡಿನಲ್ಲಿ ಜಡಿಮಳೆ ಹಿಡಿದಿದ್ದರೆ, ಅಣೆಕಟ್ಟಿನ ಬಾಗಿಲು ತೆರೆದರೆ, ಇಲ್ಲಿಯ ದಂಡೆಯ ದಾರಿ ನೀರಿನೊಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಇದೇ ಹೊಳೆ ಅಲ್ಲಲ್ಲಿ ಮಡುಗಟ್ಟಿ ನಿಂತು, ನಡುವೆ ಬರೀ ಉಸುಕು ಮತ್ತು ಬಂಡೆ ಕಾಣುತ್ತದೆ.

ನೆಲಕ್ಕೆ ಇಲ್ಲಿ ಎರಡು ಬಣ್ಣ. ಹೊಳೆಯ ಬದಿಗೆ ಎರೆ, ಗುಡ್ಡದ ಬುಡಕ್ಕೆ ಮಸಾರಿ. ಎರೆಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಮಸಾರಿಯಲ್ಲಿ ಮುಂಗಾರಿಗೆ ಸಜ್ಜೆ, ಹೆಸರು, ಶೇಂಗಾ. ನಡೆಯುವವರಿಗೆ ಈ ಭೇದ ಪಾದಕ್ಕೇ ಗೊತ್ತಾಗುತ್ತದೆ. ಮಳೆ ಬಿದ್ದ ಮರುದಿನ ಮಸಾರಿಯ ದಾರಿ ಒಣಗಿ ಹದವಾಗಿರುತ್ತದೆ. ಎರೆಯ ದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಕೆರದ ತಳಕ್ಕೆ ಇನ್ನೊಂದು ಕೆರ ಕಟ್ಟಿದಷ್ಟು ಮಣ್ಣು ಮೆತ್ತಿಕೊಳ್ಳುತ್ತದೆ. ಅದಕ್ಕೇ ಹಳೆಯ ದಾರಿಗಳು ಆದಷ್ಟೂ ಎರೆಯನ್ನು ತಪ್ಪಿಸಿ ಗುಡ್ಡದ ಅಂಚಿನ ಮಸಾರಿಯಲ್ಲೇ ಸಾಗುತ್ತವೆ. ಹೊಳೆ ದಾಟುವ ಜಾಗದಲ್ಲಷ್ಟೇ ಎರೆಗೆ ಇಳಿಯುತ್ತವೆ.

ಗುಡ್ಡಗಳ ಕಲ್ಲು ಕೆಂಪು ಮರಳುಗಲ್ಲು. 50 ಕೋಟಿ ವರ್ಷಗಳಿಗೂ ಹಿಂದೆ, ನೆಲದ ಮೇಲೆ ಹುಲ್ಲು ಗಿಡ ಯಾವುದೂ ಇರದ ಕಾಲದಲ್ಲಿ, ನೀರು ತಂದು ಹಾಸಿದ ಮರಳು ಪದರ ಪದರವಾಗಿ ಗಟ್ಟಿಯಾಗಿ ಈ ಕಲ್ಲಾಯಿತು. ಭೂವಿಜ್ಞಾನಿಗಳು ಇದನ್ನು ಕಲಾದಗಿ ಶಿಲಾಸ್ತೋಮದ ಮೇಲಿನ ಬಾದಾಮಿ ಗುಂಪು ಎಂದು ಕರೆಯುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ಸುತ್ತಿ 1876ರಲ್ಲಿ ವರದಿ ಪ್ರಕಟಿಸಿದ. ಗುಡ್ಡದ ನೆತ್ತಿಯ ಮೇಲೆ ನಡೆಯುವಾಗ ಕಾಲಕೆಳಗಿನ ಹಾಸುಬಂಡೆಯನ್ನು ಒಂದು ಗಳಿಗೆ ಬಗ್ಗಿ ನೋಡಬೇಕು. ಬೆರಳಗಲದ ಏರಿಳಿತಗಳು ಸಾಲುಸಾಲಾಗಿ ಕಾಣುತ್ತವೆ. ಯಾರೋ ಉಳಿಯಿಂದ ಕೊರೆದದ್ದು ಎಂದು ಮೊದಲಿಗೆ ಅನಿಸುತ್ತದೆ. ಅವು ಅಲೆಯ ಗುರುತುಗಳು. ಇಂದು ಸಂಜೆ ಮಲಪ್ರಭೆಯ ದಂಡೆಯ ಉಸುಕಿನ ಮೇಲೆ ತೆಳುನೀರು ಬಿಟ್ಟುಹೋಗುವ ಗೆರೆಗಳ ಅಳತೆಯೂ ಸರಿಸುಮಾರು ಅಷ್ಟೇ. ಮುಂಜಾನೆ ಗುಡ್ಡದ ಮೇಲೆ ಕಲ್ಲಿನಲ್ಲಿ ಕಂಡದ್ದನ್ನು ಸಂಜೆ ಹೊಳೆಯಲ್ಲಿ ಹಸಿಯಾಗಿ ಕಾಣುವ ಭಾಗ್ಯ ನಡೆದು ಬಂದವರಿಗೆ ಮಾತ್ರ ಉಂಟು.

ಮನುಷ್ಯ ಇಲ್ಲಿ ನಡೆಯತೊಡಗಿದ್ದು ಚಾಲುಕ್ಯರಿಗಿಂತ ಎಷ್ಟೋ ಮೊದಲು. ಬಾದಾಮಿ ತಾಲ್ಲೂಕಿನ ಖ್ಯಾಡ ಗ್ರಾಮದ ಬಳಿ ಹೊಳೆಯ ದಂಡೆಯಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧಗಳು ದೊರೆತಿವೆ. ಆರ್.ವಿ. ಜೋಶಿ ಅವರು ಮಲಪ್ರಭಾ ಕೊಳ್ಳದ ಈ ನೆಲೆಗಳನ್ನು ಅಭ್ಯಾಸ ಮಾಡಿ 1955ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಷಯದಲ್ಲಿ ಇಂದಿಗೂ ಮುಖ್ಯವಾದದ್ದು. ಬಾದಾಮಿಯಿಂದ ಕುರುಚಲು ಕಾಡಿನ ನಡುವೆ ಒಂದು ಗಂಟೆಗೂ ಹೆಚ್ಚು ನಡೆದರೆ ಸಿಡಿಲಫಡಿ ಎಂಬ ಕಲ್ಲಾಸರೆ ಸಿಗುತ್ತದೆ. ಫಡಿ ಎಂದರೆ ಬಂಡೆಯ ಪೊಟರೆ. ಸಿಡಿಲು ಬಡಿದು ಇದರ ಮಾಡು ತೂತಾಯಿತು ಎಂದು ಜನ ಹೇಳುತ್ತಾರೆ. ಆ ತೂತಿನಿಂದ ಇಳಿಯುವ ಬೆಳಕು ಒಳಗಿನ ಗೋಡೆಯ ಇತಿಹಾಸಪೂರ್ವ ಕಾಲದ ಚಿತ್ರಗಳ ಹತ್ತಿರಕ್ಕೆ ಬಂದುನಿಲ್ಲುತ್ತದೆ. ದಾರಿ ಸ್ಪಷ್ಟವಿಲ್ಲ. ಕುರಿ ಮೇಯಿಸುವವರನ್ನೋ ಊರಿನ ಹುಡುಗರನ್ನೋ ಜೊತೆಗೆ ಕರೆದುಕೊಂಡು ಹೋಗುವುದೇ ಸರಿ.

ಬಾದಾಮಿಯಿಂದ ಮಹಾಕೂಟ

ಈ ಜಾಲದ ತಾಯಿಬೇರು ಬಾದಾಮಿ–ಮಹಾಕೂಟದ ದಾರಿ. ಒಂದನೆಯ ಪುಲಕೇಶಿ ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ವಾತಾಪಿಯ, ಅಂದರೆ ಇಂದಿನ ಬಾದಾಮಿಯ, ಗುಡ್ಡದ ಮೇಲೆ ಕೋಟೆ ಕಟ್ಟಿಸಿದ್ದನ್ನು ಅಲ್ಲಿಯ ಬಂಡೆಶಾಸನ ಹೇಳುತ್ತದೆ. ಅವನ ಮಗ ಮಂಗಳೇಶ ಬರೆಸಿದ 578ರ ಶಾಸನ ಬಾದಾಮಿಯ ಮೂರನೆಯ ಗುಹೆಯಲ್ಲಿದೆ. ಅದೇ ಮಂಗಳೇಶ ಮಹಾಕೂಟದಲ್ಲಿ ನಿಲ್ಲಿಸಿದ 602ರ ಸ್ತಂಭಶಾಸನ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಪುಲಕೇಶಿಯ ರಾಣಿ ದುರ್ಲಭದೇವಿ ಮಹಾಕೂಟೇಶ್ವರನಿಗೆ ದತ್ತಿ ಬಿಟ್ಟದ್ದು ಆ ಸ್ತಂಭದ ಮೇಲೆ ದಾಖಲಾಗಿದೆ. ಅರಮನೆಯ ಕೋಟೆ ಗುಡ್ಡದ ಈಚೆಗೆ, ಅರಮನೆಯ ದೇವರು ಆಚೆಗೆ. ಈ ಎರಡರ ನಡುವಿನ ಓಡಾಟವೆಲ್ಲ ಈ ಗುಡ್ಡವನ್ನು ಹತ್ತಿಳಿದೇ ನಡೆದದ್ದು.

ನಡಿಗೆ ಶುರುವಾಗುವುದು ಅಗಸ್ತ್ಯತೀರ್ಥದ ದಂಡೆಯಿಂದ. ಕೆರೆಯ ಮೂರು ಬದಿಗೂ ಕೆಂಪು ಬಂಡೆಯ ಗೋಡೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಅರಿವೆ ಒಗೆಯುವ ಸಪ್ಪಳ ಎದುರಿನ ಬಂಡೆಗೆ ಬಡಿದು ಒಂದು ಎರಡಾಗಿ ತಿರುಗಿ ಬರುತ್ತದೆ. ಪೂರ್ವದ ತುದಿಯಲ್ಲಿ ಭೂತನಾಥ ಗುಡಿಗಳು ನೀರಿಗೆ ಕಾಲು ಇಳಿಬಿಟ್ಟಂತೆ ಕೂತಿವೆ. ಅವುಗಳ ಹಿಂದಿನ ಬಂಡೆಗಳಲ್ಲಿ ಅನಂತಶಯನನ ಉಬ್ಬುಶಿಲ್ಪವಿದೆ. ತಟ್ಟುಕೋಟೆಯ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ. ಕನ್ನಡ ತ್ರಿಪದಿಯ ಸಿಕ್ಕಿರುವ ಅತ್ಯಂತ ಹಳೆಯ ಮಾದರಿ ಇದು; ಸುಮಾರು 700ರ ಕಾಲದ್ದು. ಕನ್ನಡ ಕಲಿತ ಎಲ್ಲರೂ ಪಠ್ಯಪುಸ್ತಕದಲ್ಲಿ ಇದನ್ನು ಓದಿರುತ್ತಾರೆ. ಬಂಡೆಯ ಎದುರು ನಿಂತು ಓದುವುದು ಬೇರೆಯೇ ಅನುಭವ: ಅಕ್ಷರಗಳು ಕಣ್ಣೆತ್ತರಕ್ಕಿಂತ ಮೇಲಿವೆ, ಕತ್ತು ಎತ್ತಬೇಕು, ಹಿಂದೆ ಕೆರೆಯ ನೀರು ಅಲುಗುತ್ತಿರುತ್ತದೆ. ಬಾದಾಮಿಗೆ ಬಂದವರಲ್ಲಿ ಹೆಚ್ಚಿನವರು ನಾಲ್ಕು ಗುಹೆ ನೋಡಿ ಇದನ್ನು ನೋಡದೆ ಹೋಗುವುದು ನಿಜಕ್ಕೂ ಸಂಕಟದ ಸಂಗತಿ.

ಗುಡ್ಡದ ನೆತ್ತಿ ತಲುಪಿದ ಮೇಲೆ ಏರು ಮುಗಿಯುತ್ತದೆ. ಮೇಲೆ ಸಪಾಟಾದ ಅರೆಗಲ್ಲು, ನಡುನಡುವೆ ಮಳೆನೀರು ನಿಂತ ದೊಣೆಗಳು. ಕಲ್ಲಿನ ಸಂದಿಯಲ್ಲಿ ಬಂದರಿಕೆ, ಕಾರಿಗಿಡ, ತಂಗಡಿ. ತಂಗಡಿ ಹೂ ಬಿಟ್ಟಾಗ ಹಳದಿ, ಬಾರಿಹಣ್ಣು ಮಾಗಿದಾಗ ಕೆಂಪು, ಉಳಿದ ತಿಂಗಳು ಬೂದು. ದನ ಕಾಯುವವರು, ಸೀತಾಫಲ ಆರಿಸುವ ಹೆಣ್ಣುಮಕ್ಕಳು ಎದುರಾಗುತ್ತಾರೆ. ನೂರಾರು ವರ್ಷ ಕಾಲು ತಿಕ್ಕಿ ತಿಕ್ಕಿ ನುಣುಪಾದ ಕಲ್ಲೇ ಇಲ್ಲಿಯ ಫಲಕ. ಒರಟು ಕಲ್ಲಿನ ನಡುವೆ ಒಂದು ಗೇಣು ಎರಡು ಗೇಣು ಅಗಲದ ಹೊಳಪಿನ ಪಟ್ಟಿ ಮುಂದೆ ಮುಂದೆ ಹೋಗುತ್ತದೆ; ಬಿಸಿಲು ಓರೆಯಾಗಿ ಬಿದ್ದಾಗ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಆ ಹೊಳಪನ್ನು ಬಿಡದೆ ನಡೆದರೆ ದಾರಿ ತಪ್ಪುವುದಿಲ್ಲ.

ಬಾದಾಮಿ ಮತ್ತು ಮಹಾಕೂಟದ ನಡುವಿನ ಗಿಡಮರ ತುಂಬಿದ ಒಂದು ಕಣಿವೆ ನಾಗನಾಥನ ಕೊಳ್ಳ. ಅಲ್ಲಿ ಚಾಲುಕ್ಯರ ಕಾಲದ ನಾಗನಾಥ ಗುಡಿಯಿದೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧ ಲಜ್ಜಾಗೌರಿ ಶಿಲ್ಪ ದೊರೆತದ್ದು ಇದೇ ಕೊಳ್ಳದಲ್ಲಿ. ತಲೆಯ ಜಾಗದಲ್ಲಿ ಕಮಲ, ಮೈ ಹೆರಿಗೆಯ ಭಂಗಿಯಲ್ಲಿ; ಬೆಳೆ, ಮಳೆ, ಸಂತಾನ ಎಲ್ಲವನ್ನೂ ಬೇಡಿಕೊಳ್ಳುವ ತಾಯಿ ಅವಳು.

ದಾರಿ ಮಹಾಕೂಟಕ್ಕೆ ಇಳಿಯುವಲ್ಲಿ ಒಂದು ಶಿಥಿಲ ಹೆಬ್ಬಾಗಿಲು, ಅದರ ಎರಡು ಬದಿಗೆ ಎಲುಬುಗೂಡಿನಂತಹ ಎರಡು ಮೂರ್ತಿಗಳು. ಅಗಸ್ತ್ಯರು ವಾತಾಪಿ–ಇಲ್ವಲರನ್ನು ಸಂಹರಿಸಿದ ಕಥೆಯನ್ನು ಈ ಸೀಮೆಯವರು ಇಲ್ಲಿಯದೇ ಎಂದು ಹೇಳುತ್ತಾರೆ. ಒಳಗೆ ಹೋದರೆ ಆಲದ ನೆರಳು, ವಿಷ್ಣುಪುಷ್ಕರಿಣಿ. ಗುಡ್ಡದೊಳಗಿನ ಒರತೆ ಈ ಹೊಂಡವನ್ನು ತುಂಬುತ್ತದೆ. ಒಣಗುಡ್ಡದ ಮೇಲೆ ಎರಡು ತಾಸು ನಡೆದು ಬಂದವರಿಗೆ ಈ ತಿಳಿನೀರು ಏಕೆ ತೀರ್ಥವಾಯಿತು ಎಂದು ಯಾರೂ ವಿವರಿಸಬೇಕಿಲ್ಲ. ಹೊಂಡದ ನಡುವಿನ ಮಂಟಪದಲ್ಲಿ ಪಂಚಮುಖದ ಲಿಂಗವೆಂದು ಪೂಜೆಗೊಳ್ಳುವ ನಾಲ್ಕು ಮೋರೆಯ ಲಿಂಗವಿದೆ. ಮಹಾಕೂಟೇಶ್ವರ ಗುಡಿಯ ಕನ್ನಡ ಶಾಸನವೊಂದು ಚಾಲುಕ್ಯ ಅರಸ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟದ್ದನ್ನು ತಿಳಿಸುತ್ತದೆ.

ಶಿವಯೋಗ ಮಂದಿರ ಮತ್ತು ಹೊಳೆಯ ದಂಡೆ

ಮಹಾಕೂಟದಿಂದ ಗುಡ್ಡ ಬಿಟ್ಟು ಬಯಲಿಗಿಳಿದರೆ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರ. ಹಾನಗಲ್ಲ ವಿರಕ್ತಮಠದ ಕುಮಾರ ಶಿವಯೋಗಿಗಳು (1867–1930) ಇದನ್ನು 1909ರಲ್ಲಿ ಸ್ಥಾಪಿಸಿದರು. ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಹುಟ್ಟಿದ ಅವರು 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೂ ಕಾರಣರಾದವರು. ಮಠಗಳಿಗೆ ಬರುವ ಸ್ವಾಮಿಗಳು ಓದಿ, ಯೋಗ ಕಲಿತು, ದುಡಿದು, ಶಿಸ್ತಿನಲ್ಲಿ ಬೆಳೆದು ಬರಬೇಕೆಂಬುದು ಅವರ ಹಂಬಲವಾಗಿತ್ತು. ಊರಿನ ಗದ್ದಲದಿಂದ ದೂರ, ಹೊಳೆ ಇದ್ದು ಗುಡ್ಡ ಇದ್ದು ದನಗಳಿಗೆ ಮೇವಿರುವ ಜಾಗ ಅದಕ್ಕೆ ಬೇಕಿತ್ತು. ಇಲ್ಲಿ ತಯಾರಾದ ವಟುಗಳು, ಸಾಧಕರು ಮುಂದೆ ನಾಡಿನ ಎಷ್ಟೋ ಮಠಗಳ ಪೀಠ ಏರಿದರು. ಅಂಧರಾದ ಪಂಚಾಕ್ಷರಿ ಗವಾಯಿಗಳಿಗೆ (1892–1944) ಸಂಗೀತದ ದಾರಿ ತೋರಿಸಿ ಆಸರೆಯಾದವರೂ ಕುಮಾರ ಶಿವಯೋಗಿಗಳೇ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಬೇರು ಹೀಗೆ ಇಲ್ಲಿಗೂ ಚಾಚಿದೆ. ಶಿವಯೋಗಿಗಳ ಗದ್ದುಗೆ ಇಲ್ಲಿಯೇ ಇದೆ.

ಕಾಲುದಾರಿಯ ಮಾತಿನಲ್ಲಿ ಮಠದ ಇತಿಹಾಸವೇಕೆ ಎಂದು ಕೇಳಬಹುದು. ಈ ಸಂಸ್ಥೆ ತನ್ನ ದಿನಚರಿಯನ್ನೇ ಈ ನೆಲದ ಮೇಲೆ ಹೆಣೆದುಕೊಂಡಿದೆ ಎಂಬುದೇ ಉತ್ತರ. ಹೊಳೆಯ ಮೆಟ್ಟಿಲಿಗೆ ಸ್ನಾನಕ್ಕೆ ಹೋಗುವ ದಾರಿ, ದನಗಳು ಗುಡ್ಡದ ಕಡೆ ಮೇಯಲು ಹೋಗಿ ಬರುವ ದಾರಿ, ಹೊಲಕ್ಕೆ ಹೋಗುವ ದಾರಿ, ಭಕ್ತರು ಮಹಾಕೂಟದಿಂದ ಬರುವ ದಾರಿ ಇವೆಲ್ಲ ಮಂದಿರದ ಅಂಗಳದಲ್ಲಿ ಬಂದು ಕೂಡುತ್ತವೆ. ಇಲ್ಲಿಯ ವಿಭೂತಿಯಲ್ಲೂ ಆ ದಾರಿಗಳ ಫಲವೇ ಇದೆ. ಗೋಶಾಲೆಯ ಆಕಳ ಸಗಣಿಯನ್ನು ಉಂಡೆ ಕಟ್ಟಿ ಒಣಗಿಸುತ್ತಾರೆ. ಒಣಗಿದ ಉಂಡೆಗಳನ್ನು ಸುಟ್ಟು ಬೂದಿ ಮಾಡಿ, ಬೂದಿಯನ್ನು ನೀರಿನಲ್ಲಿ ಕದಡಿ ಸೋಸುತ್ತಾರೆ. ಕಸರು ಹೋಗಿ ತಳಕ್ಕೆ ನಿಂತ ಬೆಣ್ಣೆಯಂತಹ ಬಿಳಿಯನ್ನು ಗಟ್ಟಿಗಳಾಗಿ ಮಾಡಿ ಮತ್ತೆ ಒಣಗಿಸುತ್ತಾರೆ. ಹೊಸ ಗಟ್ಟಿಯನ್ನು ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ಭಾರವಿಲ್ಲ, ಮೂಗಿಗೆ ವಾಸನೆಯಿಲ್ಲ. ಬೆರಳಿಗೆ ಹತ್ತಿದ ಪುಡಿ ತಿಕ್ಕಿದಷ್ಟೂ ನುಣ್ಣಗಾಗುತ್ತದೆ. ಉತ್ತರ ಕರ್ನಾಟಕದ ಸಾವಿರಾರು ಮನೆಗಳ ಜಗಲಿಯ ಮೇಲೆ ‘ಶಿವಯೋಗ ಮಂದಿರದ ವಿಭೂತಿ’ ಇರುತ್ತದೆ. ಈ ಗುಡ್ಡದ ಹುಲ್ಲು ಆಕಳ ಹೊಟ್ಟೆಯಲ್ಲಿ ಹಾದು, ಬೆಂಕಿಯಲ್ಲಿ ಹಾದು, ನೀರಿನಲ್ಲಿ ಹಾದು ಮನೆಮನೆಯ ಹಣೆಗೆ ತಲುಪುವ ಬಗೆ ಇದು.

ಮಂದಿರದಿಂದ ಹೊಳೆಗುಂಟ ಕೆಳಗೆ ಪಟ್ಟದಕಲ್ಲಿನ ಕಡೆಗೆ ಹೊರಟರೆ ಈ ಕೊಳ್ಳದ ಅತ್ಯಂತ ಹಿತವಾದ ನಡಿಗೆ ಸಿಗುತ್ತದೆ. ನನ್ನ ಮಟ್ಟಿಗೆ ಗುಹೆಗಳಿಗಿಂತ ಇದು ಹೆಚ್ಚು. ಗುರುತಿನ ಹೆದ್ದಾರಿ ಏನೂ ಇಲ್ಲ. ಹೊಲದ ಬದು, ಪಂಪ್‌ಸೆಟ್ಟಿನ ಪೈಪು ಹಾಸಿದ ಪಟ್ಟಿ, ಎತ್ತಿನ ಬಂಡಿಯ ಗಾಲಿಗುಣಿ ಹೀಗೆ ಒಂದರಿಂದ ಒಂದಕ್ಕೆ ದಾಟುತ್ತ ಹೋಗಬೇಕು. ಒಂದು ಬದಿಗೆ ಜಾಲಿ ಮರ, ನೀರಿನ ಅಂಚಿನಲ್ಲಿ ಜೊಂಡು, ಆಚೆ ದಂಡೆಯಲ್ಲಿ ಎಮ್ಮೆಗಳ ಬೆನ್ನು. ಮಿಂಚುಳ್ಳಿ ತಂತಿಯ ಮೇಲೆ ಕಾಯುತ್ತ ಕೂತಿರುತ್ತದೆ. ಪುಷ್ಯ–ಮಾಘದಲ್ಲಿ ಜೋಳ ಆಳೆತ್ತರ ಬೆಳೆದು ತೆನೆ ಹಿಡಿದಿರುವಾಗ ಬದುವಿನ ಮೇಲೆ ನಡೆದರೆ ಎರಡೂ ಬದಿಯ ಗರಿ ತೋಳಿಗೆ ತಾಕುತ್ತದೆ, ಮುಂದೆ ಹತ್ತು ಹೆಜ್ಜೆ ಕಾಣುವುದಿಲ್ಲ. ಹಕ್ಕಿ ಹೊಡೆಯುವವರ ಕೂಗಿನಿಂದಲೇ ಅಟ್ಟ ಎಲ್ಲಿದೆ, ಹೊಲ ಎಲ್ಲಿ ಮುಗಿಯಿತು ಎಂದು ತಿಳಿಯಬೇಕು. ಎಳೆತೆನೆ ಸುಟ್ಟು ತಿನ್ನುವ ಸೀತನಿಯ ಕಾಲವಾದರೆ ನಡೆದು ಬಂದವರನ್ನು ಬರಿಗೈಯಲ್ಲಿ ಕಳಿಸುವ ರೈತರು ಕಡಿಮೆ. ‘ಬರ್ರಿ, ಒಂದೀಟು ಕುಂತ್ ಹೋಗ್ರಿ’ ಎಂಬ ಕರೆಯನ್ನು ಒಪ್ಪಿಕೊಳ್ಳುವುದು ಈ ದಾರಿಯ ಶಿಷ್ಟಾಚಾರ.

ಎಳ್ಳಮಾಸಿಯ ದಿನ ಈ ಹೊಲದ ದಾರಿಗಳೆಲ್ಲ ಬೀದಿಗಳಾಗುತ್ತವೆ. ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಮನೆಮಂದಿ ಬುಟ್ಟಿ ಹೊತ್ತು, ಬಂಡಿ ಕಟ್ಟಿ ಹೊಲಕ್ಕೆ ಹೋಗಿ ಭೂಮಿಗೆ ಚರಗ ಚೆಲ್ಲುತ್ತಾರೆ. ಉಳಿದ ದಿನ ಒಬ್ಬರೋ ಇಬ್ಬರೋ ನಡೆಯುವ ಬದುವಿನ ಮೇಲೆ ಅಂದು ಅಜ್ಜಿಯಿಂದ ಮೊಮ್ಮಗುವಿನವರೆಗೆ ಸಾಲು.

ಪಟ್ಟದಕಲ್ಲು, ಐಹೊಳೆ ಮತ್ತು ಮುಂದೆ

ಪೂರ್ವಕ್ಕೆ ಹರಿಯುವ ಮಲಪ್ರಭೆ ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ಹೊರಳುತ್ತದೆ. ಉತ್ತರವಾಹಿನಿಯ ದಂಡೆ ಪವಿತ್ರವೆಂಬ ನಂಬಿಕೆಯೇ ಚಾಲುಕ್ಯರು ಇಲ್ಲಿ ಪಟ್ಟಾಭಿಷೇಕದ ನೆಲೆ ಮಾಡಿಕೊಳ್ಳಲು ಕಾರಣವಿರಬೇಕು. ಹಳೆಯ ಹೆಸರು ಕಿಸುವೊಳಲ್, ಕೆಂಪು ಊರು. ವಿಜಯಾದಿತ್ಯ ಕಟ್ಟಿಸಿದ ವಿಜಯೇಶ್ವರ (ಈಗಿನ ಸಂಗಮೇಶ್ವರ), ಎರಡನೆಯ ವಿಕ್ರಮಾದಿತ್ಯನ ಕಂಚಿಯ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ, ಅವಳ ತಂಗಿ ತ್ರೈಲೋಕ್ಯಮಹಾದೇವಿಯ ಮಲ್ಲಿಕಾರ್ಜುನ ಇಲ್ಲಿಯ ಮುಖ್ಯ ಗುಡಿಗಳು. 1987ರಲ್ಲಿ ಯುನೆಸ್ಕೋ ಇವುಗಳನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಈ ಗುಡಿಗಳ ಬಗ್ಗೆ ಬರೆದದ್ದು ಬಹಳವಿದೆ. ಇಲ್ಲಿ ಹೇಳಬೇಕಾದದ್ದು ಕಲ್ಲು ಬಂದ ದಾರಿ. ಪಟ್ಟದಕಲ್ಲಿನ ಉತ್ತರಕ್ಕೆ ಕೆಲವು ಕಿ.ಮೀ. ದೂರದ ಶಂಕರಲಿಂಗನ ಗುಂಡು ಎಂಬಲ್ಲಿ ಕಲ್ಲು ತೆಗೆದ ಹಳೆಯ ಗಣಿಯಿದೆ. ಬಂಡೆಯಲ್ಲಿ ಸಾಲಾಗಿ ಕೊರೆದ ಬೆಣೆಗುಳಿಗಳು, ಶಿಲ್ಪಿಗಳು ಕೆತ್ತಿದ ಹೆಸರುಗಳು ಅಲ್ಲಿ ಉಳಿದಿವೆ. ಗುಡಿಯಿಂದ ಗಣಿಯವರೆಗೆ ನಡೆದು ನೋಡಿದವರಿಗೆ ಒಂದೊಂದು ಕಂಬದ ಹಿಂದೆಯೂ ಎಷ್ಟು ಎತ್ತುಗಳ, ಎಷ್ಟು ಹೆಗಲುಗಳ ಬೆವರಿದೆ ಎಂದು ಮೈಗೇ ತಿಳಿಯುತ್ತದೆ.

ಪಟ್ಟದಕಲ್ಲಿನ ದಕ್ಷಿಣಕ್ಕೆ, ಭದ್ರನಾಯಕನ ಜಾಲಿಹಾಳದ ಕಡೆ, ಹುಲಿಗೆಮ್ಮನ ಕೊಳ್ಳ. ಮಳೆಗಾಲದಲ್ಲಿ ಮೇಲಿನ ಬಂಡೆಯಿಂದ ನೀರು ಧುಮುಕುತ್ತದೆ. ಕೆಳಗೆ ಚಾಲುಕ್ಯರ ಕಾಲದ ಪುಟ್ಟ ಗುಡಿಗಳ ಗುಂಪು. ಅರಸುಮನೆತನದವರ ಸಮಾಧಿ ಸ್ಮಾರಕಗಳಿರಬೇಕೆಂಬ ಅಭಿಪ್ರಾಯವಿದೆ. ಪ್ರವಾಸಿಗಳ ಗದ್ದಲ ಇಲ್ಲಿಗೆ ಮುಟ್ಟಿಲ್ಲ.

ಪಟ್ಟದಕಲ್ಲಿನಿಂದ ಐಹೊಳೆಗೆ ರಸ್ತೆಯಲ್ಲಿ 13–14 ಕಿ.ಮೀ. ಹೊಳೆಯ ಬದಿಯಲ್ಲಿ ನಡೆಯುವುದಾದರೆ ಒಂದು ದಿನವನ್ನೇ ಇದಕ್ಕೆ ಎತ್ತಿಡಬೇಕು. ಐಹೊಳೆಯಲ್ಲಿ ಗುಡಿಗಳಿಗೆ ಲೆಕ್ಕವಿಲ್ಲ. ಊರೇ ಗುಡಿಗಳೊಳಗೆ ಬೆಳೆದಿತ್ತು. ಅಲ್ಲಿ ಮನೆ ಮಾಡಿದ್ದವನ ಹೆಸರು ಹೊತ್ತ ಲಾಡಖಾನ ಗುಡಿಯೇ ಅದಕ್ಕೆ ಸಾಕ್ಷಿ. ನಡಿಗೆಯವರು ತಪ್ಪದೆ ಹತ್ತಬೇಕಾದದ್ದು ಮೇಗುಟಿ ಗುಡ್ಡ. 634ರಲ್ಲಿ ರವಿಕೀರ್ತಿ ಕಟ್ಟಿಸಿದ ಜಿನಾಲಯದ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ಪ್ರಶಸ್ತಿಶಾಸನವಿದೆ. ಆ ಗುಡಿಯ ಹಿಂದೆ, ಶಾಸನಕ್ಕಿಂತ ಎಷ್ಟೋ ಹಳೆಯ ಬೃಹತ್ ಶಿಲಾಯುಗದ ಕಲ್ಗೋರಿಗಳು ಕುರುಚಲು ಗಿಡಗಳ ನಡುವೆ ನಿಂತಿವೆ. ಕೆಳಗೆ ಹೊಳೆಯ ದಂಡೆಯಲ್ಲಿ ರಾಮಲಿಂಗೇಶ್ವರ ಗುಡಿಗಳು. ಪರಶುರಾಮ ಕೊಡಲಿ ತೊಳೆದಾಗ ಹೊಳೆ ಕೆಂಪಾಗಿ, ನೋಡಿದ ಹೆಣ್ಣುಮಗಳು ‘ಅಯ್ಯೋ ಹೊಳೆ’ ಎಂದಳೆಂಬ ಕಥೆ ಪ್ರಸಿದ್ಧ. ಮೊದಲ ಮಳೆಗೆ ಕೆಂಪು ಮಸಾರಿ ಕೊಚ್ಚಿಕೊಂಡು ಬಂದ ಹೊಳೆಯನ್ನು ಕಂಡವರಿಗೆ ಆ ಕಥೆ ಎಲ್ಲಿಂದ ಹುಟ್ಟಿತೆಂದು ಊಹಿಸುವುದು ಸುಲಭ.

ಐಹೊಳೆಯಿಂದ ಇಳಕಲ್ಲಿನ ಕಡೆಗೆ ಸಿದ್ಧನಕೊಳ್ಳವಿದೆ. ಸಿದ್ಧೇಶ್ವರ ಗುಡಿ, ಮಳೆಗಾಲದ ಜಲಪಾತ, ಮತ್ತೊಂದು ಲಜ್ಜಾಗೌರಿ, ಬಂದವರಿಗೆ ದಾಸೋಹ. ಈ ಸೀಮೆಯ ಊರುಗಳಲ್ಲಿ ಮಗ್ಗದ ಸಪ್ಪಳ ಜೊತೆಗೂಡುತ್ತದೆ: ಗುಳೇದಗುಡ್ಡದ ಖಣ, ಇಳಕಲ್ಲಿನ ಟೋಪ ತೆನಿ ಸೆರಗಿನ ಸೀರೆ. ಹೊಳೆ ಮಾತ್ರ ಉತ್ತರಕ್ಕೆ ಸಾಗಿ ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮದಲ್ಲಿ ಮುಗಿಯುತ್ತದೆ.

ನಡೆಯುವ ಜನ

ಈ ಸೀಮೆಯವರಿಗೆ ನಡಿಗೆ ವಿಹಾರವಲ್ಲ, ಹರಕೆ. ಯುಗಾದಿಯ ಮುಂಚೆ ಇಲ್ಲಿಂದ ಶ್ರೀಶೈಲ ಮಲ್ಲಯ್ಯನಿಗೆ ಕಂಬಿ ಹೊತ್ತು ಪಾದಯಾತ್ರೆ ಹೊರಡುತ್ತದೆ. ಬಿರುಬಿಸಿಲಿನಲ್ಲಿ ಹಲವಾರು ದಿನ ನಡೆಯುವ ಅವರಿಗೆ ದಾರಿಯ ಊರಿನವರು ನೀರು, ಮಜ್ಜಿಗೆ, ಊಟ ಕೊಟ್ಟು, ಬೊಬ್ಬೆಯೆದ್ದ ಪಾದಕ್ಕೆ ಎಣ್ಣೆ ತಿಕ್ಕುವುದನ್ನೂ ಸೇವೆ ಎಂದು ತಿಳಿಯುತ್ತಾರೆ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬಂಡಿಗಳು ಸಾಲು ಹಿಡಿಯುತ್ತವೆ.

ಬಾದಾಮಿಯಿಂದ 5 ಕಿ.ಮೀ. ದೂರದ ಚೊಳಚಗುಡ್ಡದ ಬನಶಂಕರಿ ಈ ಕೊಳ್ಳದ ಎಲ್ಲ ದಾರಿಗಳೂ ಒಮ್ಮೆ ಬಂದು ಸೇರುವ ಜಾಗ. ಪುಷ್ಯ ಮಾಸದ ಹುಣ್ಣಿಮೆ ಇಲ್ಲಿಯವರ ಬಾಯಲ್ಲಿ ಬನದ ಹುಣ್ಣಿಮೆ. ತೇರಿಗೆ ಮೊದಲು ಪಲ್ಲೇದ ಹಬ್ಬದಂದು 108 ಬಗೆಯ ತರಕಾರಿಯ ಅಡಿಗೆ ತಾಯಿಗೆ ನೈವೇದ್ಯ. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆಸಿ ಜನರನ್ನು ಸಲಹಿದ ಶಾಕಂಬರಿ ಅವಳು. ಮಳೆ ಕಡಿಮೆಯ ಈ ನಾಡು ಅವಳನ್ನು ಮನೆದೇವತೆ ಮಾಡಿಕೊಂಡದ್ದರಲ್ಲಿ ಅರ್ಥವಿದೆ. ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ನಾಟಕ ಕಂಪನಿಗಳು ಡೇರೆ ಹಾಕುತ್ತವೆ. ಜಾತ್ರೆಯಿಲ್ಲದ ದಿನಗಳಲ್ಲೂ ಗುಡಿಯ ಮುಂದೆ, ಹೊಂಡದ ದಂಡೆಯ ಮೇಲೆ, ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ತಲೆಯ ಮೇಲೆ ಬುಟ್ಟಿ ಹೊತ್ತು ತಂದ ಊಟ ಮಾರುತ್ತಾರೆ. ಬುಟ್ಟಿಯ ಬಿಳಿ ಬಟ್ಟೆ ಸರಿಸಿದರೆ ಜೋಳದ ರೊಟ್ಟಿ. ಅದರ ಕೆಳಗೆ ಬದನೆಕಾಯಿ ಪಲ್ಲೆ, ಪುಂಡಿಪಲ್ಲೆ, ಕೆಂಪು ಚಟ್ನಿ, ಗಡಿಗೆಯಲ್ಲಿ ಗಟ್ಟಿ ಮೊಸರು. ‘ಉಣ್ಣ ಬಾರೋ ಯಪ್ಪಾ’ ಎಂದು ಕರೆದು, ರೊಟ್ಟಿಯನ್ನೇ ತಟ್ಟೆ ಮಾಡಿ ಅಂಗೈ ಮೇಲೆ ಇಡುತ್ತಾರೆ. ಬೆಳಿಗ್ಗೆ ಬಾದಾಮಿ ಬಿಟ್ಟು, ಮಹಾಕೂಟ ಇಳಿದು, ಶಿವಯೋಗ ಮಂದಿರದ ಮೇಲೆ ಹಾದು ಸಂಜೆ ಇಲ್ಲಿಗೆ ಬಂದು ಈ ರೊಟ್ಟಿ ಉಂಡರೆ ಒಂದು ಸುತ್ತು ಮುಗಿದಂತೆ.

ಕಾಲ, ಎಚ್ಚರ

ನಡಿಗೆಗೆ ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಕಾದ ಮರಳುಗಲ್ಲು ಕತ್ತಲಾದ ಮೇಲೂ ಝಳ ಬಿಡುತ್ತದೆ. ಜಲಪಾತ ನೋಡಬೇಕೆನ್ನುವವರು ಮಳೆಗಾಲದಲ್ಲೇ ಬರಬೇಕು. ಬಾದಾಮಿಯ ಅಕ್ಕ–ತಂಗಿ ಜಲಪಾತ ದೊಡ್ಡ ಮಳೆಯ ಹಿಂದೆಯೇ ಬಂದು ಹಿಂದೆಯೇ ಹೋಗುವಂಥದ್ದು. ಗುಡ್ಡದ ಮೇಲೆ ಕುಡಿಯುವ ನೀರಿಲ್ಲ, ಹೊತ್ತುಕೊಂಡೇ ಹೋಗಬೇಕು. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹೊಗೆ ಹಾಕುವುದು, ಗದ್ದಲ ಮಾಡುವುದು ಜೀವಕ್ಕೇ ಅಪಾಯ. ಬಾದಾಮಿಯ ಮಂಗಗಳು ಕೈಚೀಲ ಕಂಡರೆ ಬಿಡುವುದಿಲ್ಲ. ಹೊಳೆಯ ಮಡುಗಳಲ್ಲಿ ಉಸುಕು ತೆಗೆದ ಆಳದ ಗುಂಡಿಗಳಿರುವುದರಿಂದ ಗುರುತಿಲ್ಲದ ಕಡೆ ನೀರಿಗಿಳಿಯಬಾರದು. ಗದಗ–ಸೊಲ್ಲಾಪುರ ರೈಲುಮಾರ್ಗದ ಬಾದಾಮಿ ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ಹೊರಗಿದೆ.

ದಾರಿಗಳ ಇಂದಿನ ಸ್ಥಿತಿ

ಹಳೆಯ ಕಾಲುದಾರಿಗಳನ್ನು ಉಳಿಸಿಕೊಂಡ ನಾಡುಗಳುಂಟು. ಇಂಗ್ಲೆಂಡಿನ ನೈರುತ್ಯ ಪರ್ಯಾಯದ್ವೀಪದ ಸುತ್ತ, ಕಡಲಂಚಿನಲ್ಲಿ ಸುಮಾರು 1,000 ಕಿ.ಮೀ. ಉದ್ದದ ಒಂದು ಕಾಲುದಾರಿಯಿದೆ. ಕಳ್ಳಸಾಗಣೆ ತಡೆಯಲು ಕಡಲ ಕಾವಲಿನವರು ದಿನವೂ ಕೊಲ್ಲಿಯಿಂದ ಕೊಲ್ಲಿಗೆ ನಡೆದು ಮಾಡಿದ ದಾರಿ ಅದು. ಕಾವಲು ನಿಂತ ಮೇಲೂ ಆ ದೇಶ ದಾರಿಯನ್ನು ಉಳಿಸಿಕೊಂಡಿತು. ಹೊಲದ ಮಾಲೀಕನೂ ಅದನ್ನು ಮುಚ್ಚುವಂತಿಲ್ಲ. ನಮ್ಮಲ್ಲೂ ಹಳೆಯ ದಾರಿಯನ್ನು ಹೀಗೆ ಉಳಿಸಿಕೊಳ್ಳಲು ಆಧಾರವಿದೆ. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಜೋಡಿ ತುಂಡುಗೆರೆಯಾಗಿ, ಕಾಲುದಾರಿ ಒಂಟಿ ತುಂಡುಗೆರೆಯಾಗಿ ಇರುತ್ತದೆ. ‘ನಕಾಶೆ ಕಂಡ ದಾರಿ’ ಎಂಬ ಮಾತು ಹಳ್ಳಿಯ ಪ್ರತಿ ದಾರಿಜಗಳದಲ್ಲೂ ಕೇಳಿಬರುತ್ತದೆ. ನಕಾಶೆ ಕಂಡರೂ ನೆಲ ಕಾಣದ ದಾರಿಗಳು ಈಗ ಹೆಚ್ಚುತ್ತಿವೆ. ಟ್ರ್ಯಾಕ್ಟರು ಬದುವಿನವರೆಗೂ ಉಳುತ್ತದೆ, ಹೊಳೆಯ ಬದಿಯಲ್ಲಿ ಕಬ್ಬು ಬಂದಿದೆ, ತಂತಿಬೇಲಿ ಬಂದಿದೆ.

ಹೊಳೆಯೂ ಸುಮ್ಮನಿಲ್ಲ. 2009ರ ಮತ್ತು 2019ರ ಮಹಾಪೂರಗಳಲ್ಲಿ ಮಲಪ್ರಭೆ ದಂಡೆ ಮೀರಿ ಊರುಗಳಿಗೆ ನುಗ್ಗಿತು. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೇ ನೀರು ನಿಂತಿತ್ತು. ದಂಡೆ ಕೊರೆದು ಹೋದ ಕಡೆ ಹಳೆಯ ದಾರಿಯ ತುಂಡುಗಳು ಹೊಳೆಯ ಪಾಲಾಗಿವೆ. ರೈತರು ಅದರ ಬದಲಿಗೆ ಹೊಲದೊಳಗೆ ನಾಲ್ಕು ಹೆಜ್ಜೆ ಸರಿದು ಹೊಸದನ್ನು ಮಾಡಿಕೊಂಡಿದ್ದಾರೆ.

ಸುರಕ್ಷಿತವಾಗಿ ಉಳಿದಿರುವುದು ಗುಡ್ಡದ ಮೇಲಿನ ದಾರಿ. ಅಲ್ಲಿ ಉಳಲು ಮಣ್ಣಿಲ್ಲ, ಬೇಲಿ ಹೂಳಲು ಕಲ್ಲು ಬಿಡುವುದಿಲ್ಲ. ಶ್ರಾವಣ ಸೋಮವಾರಗಳಂದು ಬಾದಾಮಿಯ ಕಡೆಯಿಂದ ಬರಿಗಾಲಿನಲ್ಲಿ ಮಹಾಕೂಟಕ್ಕೆ ಹೋಗುವವರು ಇನ್ನೂ ಇದೇ ನುಣುಪು ಕಲ್ಲಿನ ಮೇಲೆ ಹೆಜ್ಜೆ ಇಟ್ಟು ಇಳಿಯುತ್ತಾರೆ, ಹೊಂಡದಲ್ಲಿ ಮುಳುಗಿ ಏಳುತ್ತಾರೆ, ಒದ್ದೆ ಬಟ್ಟೆಯಲ್ಲೇ ಗುಡಿ ಸುತ್ತುತ್ತಾರೆ.